ಎರಿ ಹೊಲ, ಮಸಾರಿ ಹೊಲ: ರಿಪೋರ್ಟಿನಲ್ಲಿ ಲೋಹ ಒಂದೇ, ಬೆಳೆ ಯಾಕೆ ಬೇರೆ?

ಎರಿಮಸಾರಿ (ಹುಬ್ಬಳ್ಳಿ), ಭಾನುವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ ಹೇಳಿ.

ನಮಗೆ ಎರಡು ಕಡೆ ಹೊಲ ಇದೆ. ಒಂದು ಹುಬ್ಬಳ್ಳಿ ದಾಟಿದ ಮೇಲೆ ಊರ ಕೊಳಚೆ ಹರಿಯುವ ನಾಲಾ ದಂಡೆಗೆ, ಒಂದೂವರೆ ಎಕರೆ ಎರಿ, ಅಂದರೆ ಕಪ್ಪು ಮಣ್ಣು. ಅಪ್ಪನ ಕಾಲದಿಂದ ಅಲ್ಲಿ ನಾಲಾ ನೀರು ಹಾಯಿಸಿ ಪಾಲಕ, ಮೆಂತ್ಯ, ಬದನೆ ಬೆಳೆಯುತ್ತೇವೆ. ಇನ್ನೊಂದು ಕಲಘಟಗಿ ಕಡೆ, ಅವ್ವನ ತವರಿನಿಂದ ಬಂದ ಎರಡು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣು. ಅಲ್ಲಿ ಬೋರ್‌ವೆಲ್ ನೀರು.

ಮೂರು ವರ್ಷದ ಹಿಂದೆ ನಾಲಾದ ಹೂಳು ಎತ್ತಿ ದಂಡೆಗೆ ಹಾಕಿದ್ದರು. ಕಪ್ಪಗೆ, ಮೆತ್ತಗೆ, ಒಳ್ಳೆ ಗೊಬ್ಬರದ ಹಾಗೆ ಕಂಡಿತು. ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿ ಮಸಾರಿ ಹೊಲದ ಅರ್ಧ ಎಕರೆಗೆ ದಪ್ಪಗೆ ಹರಡಿದೆ. ಮೊದಲ ವರ್ಷ ಮೆಕ್ಕೆಜೋಳ ಬಹಳ ಚೆನ್ನಾಗಿ ಬಂತು. ಆಮೇಲೆ ಶುರುವಾಯಿತು. ಪಾಲಕ ಹಾಕಿದರೆ ಮೂರು ಎಲೆಗೆ ನಿಂತುಬಿಡುತ್ತದೆ. ನರ ಹಸಿರು, ನಡುವೆ ಹಳದಿ. ಮುಂಗಾರಿಗೆ ಹೆಸರುಕಾಳು ಹಾಕಿದ್ದೆ. ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಒಂದೂ ಗಂಟಿಲ್ಲ. ಹೂಳು ಬೀಳದ ಪಕ್ಕದ ತುಂಡಿನಲ್ಲಿ ಗಂಟು ತುಂಬಿವೆ.

ಖಾಸಗಿ ಲ್ಯಾಬಿನಲ್ಲಿ ಎರಡೂ ಹೊಲದ ಮಣ್ಣು ಕೊಟ್ಟೆ. ಕೆ.ಜಿ. ಮಣ್ಣಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಎರಿ ಹೊಲದಲ್ಲಿ ಝಿಂಕ್ 260, ಸೀಸ 58, ಕ್ಯಾಡ್ಮಿಯಂ 1.2. ಹೂಳು ಹಾಕಿದ ಮಸಾರಿಯಲ್ಲಿ ಝಿಂಕ್ 240, ಸೀಸ 61, ಕ್ಯಾಡ್ಮಿಯಂ 1.1. ಅಂದರೆ ಹೆಚ್ಚುಕಡಿಮೆ ಒಂದೇ. ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಹುಳಿ) ಮಾತ್ರ ಎರಿಯದು 8.3, ಮಸಾರಿಯದು 5.6. ಲ್ಯಾಬಿನವರು "ಎರಡೂ ಮಿತಿಯೊಳಗಿವೆ, ಏನೂ ಹೆದರಬೇಡಿ" ಎಂದು ಕಳಿಸಿದರು.

ಎರಿ ಹೊಲದ ಪಾಲಕ ಈಗಲೂ ಕೈತುಂಬ ಬರುತ್ತದೆ. ಲೋಹ ಅಷ್ಟೇ ಇದ್ದ ಮೇಲೆ ಒಂದು ಹೊಲ ಮಾತ್ರ ಯಾಕೆ ಕೆಟ್ಟಿತು?

ಜೋಳದ ತೆನೆ (ಅಣ್ಣಿಗೇರಿ), ಭಾನುವಾರ ರಾತ್ರಿ 9:15

ಅಣ್ಣಾ, ನರ ಹಸಿರು ನಡುವೆ ಹಳದಿ ಅಂದರೆ ಕಬ್ಬಿಣದ ಕೊರತೆ. ನಮ್ಮ ಶೇಂಗಾಕ್ಕೆ ಪ್ರತಿ ವರ್ಷ ಬರುತ್ತದೆ. ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸಿಂಪಡಿಸಿ, ವಾರದಲ್ಲಿ ಹಸಿರಾಗುತ್ತದೆ.

ಮಣ್ಣಿನ ಮಾಸ್ತರು (ಧಾರವಾಡ), ಸೋಮವಾರ ಬೆಳಗ್ಗೆ 6:50

ಅಣ್ಣಿಗೇರಿಯವರೇ, ನಿಮ್ಮ ಎರಿ ಹೊಲದಲ್ಲಿ ಅದು ಸರಿ. ಸುಣ್ಣ ಜಾಸ್ತಿ ಇರುವ ಮಣ್ಣಿನಲ್ಲಿ ಕಬ್ಬಿಣ ಬೇರಿಗೆ ಸಿಗುವುದಿಲ್ಲ. ಆದರೆ ಪಿಎಚ್ 5.6 ಇರುವ ಮಸಾರಿಯಲ್ಲಿ ಕಬ್ಬಿಣಕ್ಕೆ ಏನು ಬರ? ಅಲ್ಲಿ ಝಿಂಕ್ ವಿಪರೀತ ಆದಾಗಲೂ ಎಲೆ ಹೀಗೇ ಹಳದಿಯಾಗುತ್ತದೆ. ಗಿಡದೊಳಗೆ ಝಿಂಕ್ ನುಗ್ಗಿ ಕಬ್ಬಿಣದ ಕೆಲಸ ಕೆಡಿಸುತ್ತದೆ. ಸಿಂಪಡಿಸಿದರೆ ಎಲೆಯ ಬಣ್ಣ ತಿರುಗಬಹುದು, ಬೇರಿನ ಕಷ್ಟ ಹಾಗೇ ಉಳಿಯುತ್ತದೆ.

ಎರಿಮಸಾರಿಯವರೇ, ನಾನು ಮಣ್ಣಿನ ಪಾಠ ಹೇಳಿಯೇ ಬದುಕಿದವನು. ನಿಮ್ಮ ಪ್ರಶ್ನೆ ಓದಿ ರಾತ್ರಿಯೇ ಬರೆಯಬೇಕು ಅನಿಸಿತ್ತು.

ನಿಮ್ಮ ರಿಪೋರ್ಟಿನಲ್ಲಿರುವುದು ಒಟ್ಟು ಲೋಹ. ಮಣ್ಣನ್ನು ಕಡು ಆಸಿಡ್ಡಿನಲ್ಲಿ ಕುದಿಸಿ, ಅದರೊಳಗೆ ಇದ್ದುದನ್ನೆಲ್ಲ ಹೊರಗೆ ತೆಗೆದು ಅಳೆಯುತ್ತಾರೆ. ಬೇರಿಗೆ ಅಂಥ ಆಸಿಡ್ ಎಲ್ಲಿದೆ? ಬೇರು ಕುಡಿಯುವುದು ಮಣ್ಣಿನ ತೇವದಲ್ಲಿ ಕರಗಿದ್ದನ್ನು ಮಾತ್ರ. ಎರೆಹುಳು, ಸೂಕ್ಷ್ಮಜೀವಿಗೂ ಹೆಚ್ಚುಕಡಿಮೆ ಅದೇ ಲೆಕ್ಕ. ಹಾಗಾಗಿ 260 ಎನ್ನುವ ಅಂಕಿ ಒಂದೇ ನಿಮಗೆ ಏನನ್ನೂ ಹೇಳುವುದಿಲ್ಲ. ಅದರಲ್ಲಿ ಎಷ್ಟು ಕಟ್ಟಿಹಾಕಿದೆ, ಎಷ್ಟು ಬಿಡಾಡಿಯಾಗಿದೆ ಎನ್ನುವುದು ಮುಖ್ಯ.

ಕಟ್ಟಿಹಾಕುವುದು ಯಾವುದು? ಮೊದಲನೆಯದು ಜೇಡಿ. ಜೇಡಿಯ ಕಣಕ್ಕೆ ಕೊಟ್ಟಿಗೆಯ ಗೂಟಗಳಂತೆ ಹಿಡಿಯುವ ಜಾಗಗಳಿರುತ್ತವೆ. ಝಿಂಕ್, ಸೀಸ, ಕ್ಯಾಡ್ಮಿಯಂ, ತಾಮ್ರ ಎಲ್ಲ ಆ ಗೂಟಕ್ಕೆ ಬಂದು ಕಟ್ಟಿಕೊಳ್ಳುತ್ತವೆ. ಎರಿ ಮಣ್ಣಿನ ಜೇಡಿ ಸ್ಮೆಕ್ಟೈಟ್ ಜಾತಿಯದು, ನೀರು ಕುಡಿದರೆ ಹಿಗ್ಗುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮಸಾರಿಯದು ಹೆಚ್ಚಾಗಿ ಕಯೊಲಿನೈಟ್. ತೂಕಕ್ಕೆ ತೂಕ ಹಿಡಿದರೆ ಸ್ಮೆಕ್ಟೈಟಿನಲ್ಲಿ ಗೂಟಗಳು ಹತ್ತು ಪಟ್ಟು ಜಾಸ್ತಿ. ಸಾಲದ್ದಕ್ಕೆ ಎರಿಯಲ್ಲಿ ಜೇಡಿಯ ಪಾಲೇ ಹೆಚ್ಚು, ಹರಳು ಹರಳು ಸುಣ್ಣ ಬೇರೆ.

ಎರಡನೆಯದು ಪಿಎಚ್. ನನ್ನ ಲೆಕ್ಕದಲ್ಲಿ ಇದೇ ಎಲ್ಲದಕ್ಕಿಂತ ದೊಡ್ಡದು. ಮಣ್ಣು ಹುಳಿಯಾದರೆ ಹೈಡ್ರೋಜನ್ ಬಂದು ಗೂಟ ಹಿಡಿಯುತ್ತದೆ, ಕಟ್ಟಿದ ಲೋಹ ಬಿಚ್ಚಿಕೊಂಡು ನೀರಿಗೆ ಬೀಳುತ್ತದೆ. ಪಿಎಚ್ ಒಂದು ಅಂಕ ಇಳಿದರೆ ಬಿಡಿ ಝಿಂಕ್ 100 ಪಟ್ಟು ಏರುತ್ತದೆ ಎಂದು ರಸಾಯನದ ಲೆಕ್ಕ ಹೇಳುತ್ತದೆ. ಹೊಲದಲ್ಲಿ ಅಷ್ಟಾಗುವುದಿಲ್ಲ, ಆದರೂ ಹಲವು ಪಟ್ಟು ಏರುವುದು ಖಂಡಿತ. ನಿಮ್ಮ ಎರಡು ಹೊಲಗಳ ನಡುವೆ ಇರುವ ಅಂತರ 2.7.

"ಮಿತಿಯೊಳಗಿದೆ" ಎಂದರಲ್ಲ, ಅದರ ಬಗ್ಗೆಯೂ ಹೇಳುತ್ತೇನೆ. ನಮ್ಮಲ್ಲಿ ಸಾಮಾನ್ಯವಾಗಿ ನೋಡುವ ಮಿತಿ ಝಿಂಕ್‌ಗೆ 300ರಿಂದ 600, ಎಲ್ಲ ಮಣ್ಣಿಗೂ ಅದೇ. ಬ್ರಿಟನ್ನಿನವರು 1989ರಲ್ಲಿ ಕೊಳಚೆ ಹೂಳು ಹಾಕುವ ಹೊಲಗಳಿಗೆ ಮಾಡಿದ ನಿಯಮದಲ್ಲಿ ಪಿಎಚ್ ನೋಡಿ ಮಿತಿ ಇಟ್ಟರು. ತಾಮ್ರಕ್ಕೆ ಪಿಎಚ್ 5ರಿಂದ 5.5 ಇದ್ದರೆ 80, 7 ದಾಟಿದರೆ 200. ಮಣ್ಣು ನೋಡದೆ ಮಿತಿ ಹೇಳಿದರೆ ಜ್ವರ ನೋಡದೆ ಗುಳಿಗೆ ಕೊಟ್ಟ ಹಾಗೆ.

ಎರಿಮಸಾರಿ (ಹುಬ್ಬಳ್ಳಿ), ಸೋಮವಾರ ಬೆಳಗ್ಗೆ 8:05

ಮಾಸ್ತರೇ, ಎರಡು ಸಲ ಓದಿದೆ. ಹೆಸರಿನ ಬೇರಿಗೆ ಗಂಟು ಬರದಿರುವುದೂ ಇದೇ ಕಾರಣಕ್ಕಾ? ಮತ್ತೆ ಮೊದಲ ವರ್ಷ ಯಾಕೆ ಚೆನ್ನಾಗಿ ಬಂತು?

ಮಣ್ಣಿನ ಮಾಸ್ತರು (ಧಾರವಾಡ), ಸೋಮವಾರ ಬೆಳಗ್ಗೆ 10:30

ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಆ ಗಂಟು ಕಟ್ಟುವುದು ರೈಜೋಬಿಯಂ ಎನ್ನುವ ಸೂಕ್ಷ್ಮಜೀವಿ. ಲೋಹಕ್ಕೆ ಗಿಡಕ್ಕಿಂತ ಮೊದಲು ಸೋಲುವುದು ಎಷ್ಟೋ ಸಲ ಅದೇ. ಇಂಗ್ಲೆಂಡಿನ ವೋಬರ್ನ್‌ನಲ್ಲಿ ಮರಳು ಮಿಶ್ರಿತ ಹೊಲಕ್ಕೆ 1942ರಿಂದ 1961ರ ತನಕ ಕೊಳಚೆ ಹೂಳು ಹಾಕಿ ಪ್ರಯೋಗ ಮಾಡಿದ್ದರು. ನಿಲ್ಲಿಸಿ ಎರಡು ದಶಕ ಆದ ಮೇಲೆ ಅಲ್ಲಿ ಕ್ಲೋವರ್ ಎಂಬ ಮೇವಿನ ಬೆಳೆ ಹಾಕಿದರೆ ಅದು ಗಾಳಿಯ ಸಾರಜನಕ ಹಿಡಿಯಲೇ ಇಲ್ಲ. ಹುಡುಕಿದಾಗ ಕೆಲಸ ಮಾಡುವ ರೈಜೋಬಿಯಂ ಮಣ್ಣಿನಲ್ಲಿ ಸತ್ತುಹೋಗಿತ್ತು. ನಿಮ್ಮ ಹೆಸರಿನ ಬೇರು ಹೇಳುತ್ತಿರುವುದೂ ಅದನ್ನೇ ಇರಬೇಕು. ಮಣ್ಣು ಹುಳಿಯಾದರೂ ಗಂಟು ಕಡಿಮೆಯಾಗುತ್ತದೆ, ಆದರೆ ಪಕ್ಕದ ತುಂಡಿನಲ್ಲಿ ಇವೆ ಎಂದಿರಿ.

ಮೊದಲ ವರ್ಷ ಚೆನ್ನಾಗಿ ಬಂದದ್ದಕ್ಕೆ ಕಾರಣ ಹೂಳಿನಲ್ಲಿದ್ದ ಸಾವಯವ ವಸ್ತು. ಅದೂ ಲೋಹವನ್ನು ಬಿಗಿಯಾಗಿ ಹಿಡಿಯುತ್ತದೆ, ತಾಮ್ರ ಮತ್ತು ಸೀಸವನ್ನಂತೂ ಬಿಡುವುದೇ ಕಷ್ಟ. ಜತೆಗೆ ಸಾರಜನಕ, ರಂಜಕ ಸಿಕ್ಕಿತು, ಮೆಕ್ಕೆಜೋಳ ಎದ್ದು ನಿಂತಿತು. ನಮ್ಮ ಬಿಸಿಲಿಗೆ ಆ ಸಾವಯವ ವಸ್ತು ಎರಡು ಮೂರು ವರ್ಷದಲ್ಲಿ ಬಹುಪಾಲು ಕರಗಿಹೋಗುತ್ತದೆ. ಕರಗುವಾಗ ಮಣ್ಣನ್ನು ಇನ್ನಷ್ಟು ಹುಳಿ ಮಾಡುತ್ತದೆ. ನೀವು ಯೂರಿಯಾನೂ ಹಾಕಿರುತ್ತೀರಿ, ಅದೂ ಹುಳಿಯೇ. ಲೋಹ ಮಾತ್ರ ಎಲ್ಲಿಗೂ ಹೋಗಲಿಲ್ಲ, ಹಿಡಿದುಕೊಂಡಿದ್ದ ಕೈ ಹೋಯಿತು.

ನಾಲಾದಂಡೆ (ಹುಬ್ಬಳ್ಳಿ), ಸೋಮವಾರ ಸಂಜೆ 6:20

ನಾನು ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾವು ನಲವತ್ತು ವರ್ಷದಿಂದ ನಾಲಾ ನೀರಿನಲ್ಲೇ ಬೆಳೆಯುತ್ತಿದ್ದೇವೆ. ಬೇಸಿಗೆಯಲ್ಲಿ ಎಲ್ಲರ ಬೋರ್‌ವೆಲ್ ಬತ್ತಿದಾಗ ಹುಬ್ಬಳ್ಳಿಗೆ ತಪ್ಪಲು ಪಲ್ಯ ಕೊಟ್ಟಿದ್ದು ಈ ನೀರೇ. ನಾವೂ ಅದನ್ನೇ ಉಂಡಿದ್ದೇವೆ. ಇಂಥ ಚರ್ಚೆ ಮಾಡಿದರೆ ನಾಳೆ ಸಂತೆಯಲ್ಲಿ ನಮ್ಮ ಪಾಲಕ ಯಾರೂ ಕೊಳ್ಳುವುದಿಲ್ಲ. ಎರಿ ಮಣ್ಣು ಎಲ್ಲವನ್ನೂ ಹಿಡಿದುಕೊಳ್ಳುತ್ತದೆ ಎಂದು ಮಾಸ್ತರೇ ಹೇಳಿದ ಮೇಲೆ ಭಯ ಯಾಕೆ?

ಮಣ್ಣಿನ ಮಾಸ್ತರು (ಧಾರವಾಡ), ಸೋಮವಾರ ರಾತ್ರಿ 9:40

ಬೇಸರ ಯಾಕೆ ರೀ, ನಿಮ್ಮದು ಹೊಟ್ಟೆಪಾಡಿನ ಮಾತು. ಆ ನೀರು ಬಿಟ್ಟು ಬೇರೆ ನೀರು ಕೊಡದೆ "ಬೆಳೆಯಬೇಡಿ" ಎನ್ನುವುದು ಸರಿಯಲ್ಲ, ನಾನು ಹಾಗೆ ಹೇಳುವುದೂ ಇಲ್ಲ. ನಾಲಾಗೆ ಲೋಹ ಬಿಡುವವರನ್ನು ಮೇಲೆಯೇ ತಡೆಯಬೇಕು. ಅದು ನಿಮ್ಮ ತಪ್ಪಲ್ಲ.

ಆದರೆ ಮೂರು ಮಾತು ಹೇಳಲೇಬೇಕು.

ಝಿಂಕ್, ತಾಮ್ರ, ನಿಕ್ಕಲ್ ಜಾಸ್ತಿಯಾದರೆ ಮೊದಲು ಗಿಡವೇ ಸೊರಗುತ್ತದೆ. ಮನುಷ್ಯನಿಗೆ ಕೆಡುಕಾಗುವಷ್ಟು ಎಲೆಗೆ ಬರುವ ಮೊದಲೇ ಬೆಳೆ ನಿಂತಿರುತ್ತದೆ. ಸೀಸ ಬೇರಿನಲ್ಲೇ ಸಿಕ್ಕಿಕೊಳ್ಳುತ್ತದೆ, ಕಾಳಿಗೆ ಏರುವುದು ಬಹಳ ಕಡಿಮೆ. ಕ್ಯಾಡ್ಮಿಯಂ ಹಾಗಲ್ಲ. ಗಿಡಕ್ಕೆ ಏನೂ ಆಗದೆ, ಎಲೆ ಹಸಿರಾಗಿಯೇ ಇದ್ದು, ಒಳಗೆ ತುಂಬಿಕೊಳ್ಳುತ್ತದೆ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಆದದ್ದು ಅದೇ. ಮೇಲಿನ ಗಣಿಯಿಂದ ಬಂದ ಕ್ಯಾಡ್ಮಿಯಂ ಗದ್ದೆ ಸೇರಿತು, ಭತ್ತ ನೋಡಲು ಚೆನ್ನಾಗಿಯೇ ಇತ್ತು. ಅದನ್ನು ಉಂಡ ಹೆಣ್ಣುಮಕ್ಕಳ ಮೂತ್ರಪಿಂಡ ಕೆಟ್ಟು, ಮೂಳೆ ಮುರಿದು ನರಳಿದರು. "ಇತಾಯಿ ಇತಾಯಿ" ಅಂದರೆ "ನೋವು, ನೋವು". ಅದಕ್ಕೆ ಕ್ಯಾಡ್ಮಿಯಂ ಕಾರಣ ಎಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಬೆಳೆ ಚೆನ್ನಾಗಿದೆ ಎನ್ನುವುದು ಕ್ಯಾಡ್ಮಿಯಂ ಇಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ.

ಎರಡನೆಯದು, ಗೂಟಗಳು ಎಷ್ಟೇ ಇರಲಿ, ಅವಕ್ಕೂ ಲೆಕ್ಕ ಇದೆ. ಎರಿ ಮಣ್ಣು ಲೋಹವನ್ನು ತಿಂದುಹಾಕುವುದಿಲ್ಲ, ಇಟ್ಟುಕೊಳ್ಳುತ್ತದೆ. ಪ್ರತಿ ಹಾಯಿಕೆಗೆ ಇನ್ನಷ್ಟು ಬಂದರೆ ಮುಂದೊಂದು ದಿನ ಬಿಡಿ ಲೋಹ ಹೆಚ್ಚಲೇಬೇಕು. ಹಳೆಯ ಲೋಹ ದಿನ ಕಳೆದಂತೆ ಕಣದೊಳಗೆ ಇಳಿದು ಗಟ್ಟಿಯಾಗುತ್ತದೆ, ಅದರ ವಿಷ ಕಡಿಮೆಯಾಗುತ್ತದೆ, ಇದು ನಿಜ. ಹೊಸದಾಗಿ ಬಂದದ್ದು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ.

ಮೂರನೆಯದು ಬಿರುಕು. ಏಪ್ರಿಲ್‌ನಲ್ಲಿ ನಮ್ಮ ಎರಿ ಹೊಲ ಕೈ ಹೋಗುವಷ್ಟು ಬಿರಿದಿರುತ್ತದೆ, ಅಲ್ವಾ? ಆಗ ನೀರು ಬಿಟ್ಟರೆ ಅದು ಮಣ್ಣಿನ ಕಣ ಮುಟ್ಟದೆ ಬಿರುಕಿನಲ್ಲಿ ಸೀದಾ ಕೆಳಗೆ ಹೋಗುತ್ತದೆ. ಗೂಟ ಮೇಲೆ ಇದ್ದು ಏನು ಉಪಯೋಗ? ಬಿರುಕು ಬಿಟ್ಟ ಹೊಲಕ್ಕೆ ಮೊದಲು ಮೇಲ್ಮಣ್ಣು ಹರಗಿ ಬಿರುಕು ಮುಚ್ಚಿ, ಆಮೇಲೆ ನಾಲಾ ನೀರು ಬಿಡಿ. ನಿಮ್ಮ ಬಾವಿಗೆ ಅದು ಒಳ್ಳೆಯದು.

ಸಂತೆಅಕ್ಕ (ಧಾರವಾಡ), ಮಂಗಳವಾರ ಮಧ್ಯಾಹ್ನ 1:10

ನಾನು ಹೊಲದವಳಲ್ಲ, ಕೊಂಡು ತಿನ್ನುವವಳು. ಮನೆಯಲ್ಲಿ ದಿನಾ ಯಾವುದಾದರೂ ತಪ್ಪಲು ಇರಲೇಬೇಕು. ಪುಂಡಿ, ರಾಜಗಿರಿ, ಪಾಲಕ, ಮೆಂತ್ಯ. ಇದನ್ನೆಲ್ಲ ಓದಿ ಚಿಂತೆ ಹತ್ತಿತು. ಬಿಟ್ಟುಬಿಡುವುದಾ?

ಮಣ್ಣಿನ ಮಾಸ್ತರು (ಧಾರವಾಡ), ಮಂಗಳವಾರ ಮಧ್ಯಾಹ್ನ 2:45

ಬಿಡಬೇಡಿ ತಂಗಿ. ತಪ್ಪಲು ಬಿಟ್ಟರೆ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಹೋಗುತ್ತವೆ. ಅವು ಕಡಿಮೆ ಇರುವ ದೇಹ ಸೀಸ, ಕ್ಯಾಡ್ಮಿಯಂ ಎರಡನ್ನೂ ಜಾಸ್ತಿ ಎಳೆದುಕೊಳ್ಳುತ್ತದೆ.

ಎಲೆಯಲ್ಲಿ ಸಿಗುವ ಸೀಸದಲ್ಲಿ ದೊಡ್ಡ ಪಾಲು ಬೇರಿನಿಂದ ಬಂದದ್ದಲ್ಲ, ಮಳೆಗೆ ಸಿಡಿದು ಮೇಲೆ ಕೂತ ಮಣ್ಣು, ರಸ್ತೆಯ ದೂಳು. ಮಣ್ಣು ಹತ್ತಿದ ಬುಡ ಕತ್ತರಿಸಿ ಬಿಸಾಕಿ. ಅಗಲ ಪಾತ್ರೆಯಲ್ಲಿ ಮುಳುಗಿಸಿ, ನೀರು ಬದಲಿಸಿ ಮೂರು ಸಲ ತೊಳೆಯಿರಿ. ಒಳಗೆ ಸೇರಿದ ಕ್ಯಾಡ್ಮಿಯಂ ತೊಳೆದರೆ ಹೋಗುವುದಿಲ್ಲ. ಅದಕ್ಕೆ ಒಬ್ಬರ ಹತ್ತಿರವೇ ಒಂದೇ ತಪ್ಪಲು ವರ್ಷವಿಡೀ ಕೊಳ್ಳುವ ಬದಲು ಅದಲು ಬದಲು ಮಾಡಿ. ಎಲೆಗಿಂತ ಕಾಯಿಗೆ ಲೋಹ ಕಡಿಮೆ ಏರುತ್ತದೆ. ಅವರೆ, ಚವಳಿ ಆ ಲೆಕ್ಕದಲ್ಲಿ ವಾಸಿ.

ಸವಳುಹೊಲ (ನವಲಗುಂದ), ಮಂಗಳವಾರ ರಾತ್ರಿ 8:30

ನಮ್ಮದು ಮಲಪ್ರಭಾ ಕಾಲುವೆ ನೀರು, ಎರಿ, ಪಿಎಚ್ 8.6. ನಾಲಾ ಗೀಲಾ ಏನಿಲ್ಲ. ಆದರೆ ಹೊಲದ ಕೆಳಗಿನ ಅರ್ಧ ಸವಳಾಗಿದೆ, ಬೆಳಗ್ಗೆ ಬೆಳ್ಳಗೆ ಉಪ್ಪು ಏಳುತ್ತದೆ. ಪಿಎಚ್ ಮೇಲಿದ್ದರೆ ಲೋಹದ ಚಿಂತೆ ಇಲ್ಲ ಎಂದು ತಿಳಿಯಬಹುದಾ?

ಮಣ್ಣಿನ ಮಾಸ್ತರು (ಧಾರವಾಡ), ಮಂಗಳವಾರ ರಾತ್ರಿ 10:05

ಅಲ್ಲೊಂದು ತೊಡಕಿದೆ. ಉಪ್ಪಿನಲ್ಲಿರುವ ಕ್ಲೋರೈಡ್ ಕ್ಯಾಡ್ಮಿಯಂ ಜತೆ ಜೋಡಿಯಾಗುತ್ತದೆ. ಆ ಜೋಡಿಯನ್ನು ಜೇಡಿಯ ಗೂಟ ಹಿಡಿಯುವುದಿಲ್ಲ, ನೀರಿನಲ್ಲಿ ಓಡಾಡಿಕೊಂಡು ಬೇರಿನ ತನಕ ಬರುತ್ತದೆ. ಆಸ್ಟ್ರೇಲಿಯಾದ ಉಪ್ಪು ಹೊಲಗಳ ಆಲೂಗಡ್ಡೆಯಲ್ಲಿ ಕ್ಯಾಡ್ಮಿಯಂ ಹೆಚ್ಚಿದ್ದು ಹೀಗೇ ತಿಳಿದದ್ದು. ಮಣ್ಣಿನ ಒಟ್ಟು ಕ್ಯಾಡ್ಮಿಯಂಗಿಂತ ಕ್ಲೋರೈಡ್ ನೋಡಿದರೇ ಚೆನ್ನಾಗಿ ಲೆಕ್ಕ ಸಿಗುತ್ತಿತ್ತು.

ನಿಮ್ಮ ಹೊಲಕ್ಕೆ ಕ್ಯಾಡ್ಮಿಯಂ ಬರುವ ಮುಖ್ಯ ದಾರಿ ರಂಜಕದ ಗೊಬ್ಬರ. ಆ ಗೊಬ್ಬರಕ್ಕೆ ಮೂಲವಾದ ಕಲ್ಲು ರಂಜಕದಲ್ಲಿ ಅದು ಹುಟ್ಟಿನಿಂದಲೇ ಸ್ವಲ್ಪ ಇರುತ್ತದೆ. ಯುರೋಪಿನಲ್ಲಿ 2022ರಿಂದ ಇದಕ್ಕೆ ಮಿತಿ ಇಟ್ಟಿದ್ದಾರೆ, ಗೊಬ್ಬರದಲ್ಲಿನ ಒಂದು ಕೆ.ಜಿ. ರಂಜಕದ ಪೆಂಟಾಕ್ಸೈಡಿಗೆ 60 ಮಿಲಿಗ್ರಾಂ. ವರ್ಷಕ್ಕೆ ಸೇರುವುದು ಅತಿ ಸಣ್ಣ ಪ್ರಮಾಣ, ಅದಕ್ಕೆ ನಿದ್ದೆಗೆಡಬೇಡಿ. ನಿಮಗೆ ಮೊದಲು ಬೇಕಾದದ್ದು ಬಸಿಗಾಲುವೆ. ಉಪ್ಪು ಹೋದರೆ ಬೆಳೆಗೂ ಒಳ್ಳೆಯದು, ಇದಕ್ಕೂ ಒಳ್ಳೆಯದು.

ಎಲೆತೋಟ (ಸವಣೂರು), ಬುಧವಾರ ಬೆಳಗ್ಗೆ 7:30

ನಾಲಾ, ಹೂಳು ಯಾವುದೂ ನಮ್ಮಲ್ಲಿಲ್ಲ. ಆದರೆ ಎಲೆಬಳ್ಳಿಗೆ ರೋಗ ಬರದಂತೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಅಜ್ಜನ ಕಾಲದಿಂದ ಹೊಡೆಯುತ್ತೇವೆ. ಮೈಲುತುತ್ತದಲ್ಲಿ ತಾಮ್ರ ಇದೆ ಅಲ್ವಾ? ಎಷ್ಟು ಸೇರಿರಬಹುದು? ತೋಟದಲ್ಲಿ ಎರೆಹುಳು ಮೊದಲಿನಷ್ಟು ಕಾಣುವುದಿಲ್ಲ.

ಮಣ್ಣಿನ ಮಾಸ್ತರು (ಧಾರವಾಡ), ಬುಧವಾರ ಬೆಳಗ್ಗೆ 9:00

ಬಹಳ ಒಳ್ಳೆಯ ಪ್ರಶ್ನೆ. ಲೆಕ್ಕ ಮಾಡೋಣ ಬನ್ನಿ. ಶೇ. 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತದಲ್ಲಿ ಕಾಲುಭಾಗ ತಾಮ್ರ, ಅಂದರೆ 250 ಗ್ರಾಂ. ಎಕರೆಗೆ 200 ಲೀಟರ್ ಹೊಡೆದರೆ ಅರ್ಧ ಕೆ.ಜಿ. ತಾಮ್ರ. ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 9 ಲಕ್ಷ ಕೆ.ಜಿ. ತೂಗುತ್ತದೆ. ಹಾಗಾದರೆ ಒಂದು ಸಲಕ್ಕೆ ಕೆ.ಜಿ. ಮಣ್ಣಿಗೆ ಅರ್ಧ ಮಿಲಿಗ್ರಾಂ ಮೀರಿ ಸೇರುತ್ತದೆ. ವರ್ಷಕ್ಕೆ ನಾಲ್ಕು ಸಲ, 40 ವರ್ಷ ಹಿಡಿದರೆ 80ರಿಂದ 90 ಮಿಲಿಗ್ರಾಂ. ಅದೂ ತಾಮ್ರ ಕೆಳಗಿಳಿಯುವುದಿಲ್ಲ, ಮೇಲಿನ ನಾಲ್ಕು ಬೆರಳಿನಲ್ಲೇ ಕೂರುತ್ತದೆ. ಎರೆಹುಳು ಇರುವ ಜಾಗವೂ ಅದೇ.

ಎಲೆತೋಟದಲ್ಲಿ ತಿಪ್ಪೆ ಗೊಬ್ಬರ ಧಾರಾಳವಾಗಿ ಹಾಕುತ್ತೀರಿ, ಅದು ತಾಮ್ರವನ್ನು ಹಿಡಿದಿಟ್ಟಿರುತ್ತದೆ. ಗೊಬ್ಬರ ನಿಲ್ಲಿಸಿ ಬರೀ ರಾಸಾಯನಿಕಕ್ಕೆ ಹೋದರೆ ಅಲ್ಲಿಂದ ತೊಂದರೆ ಶುರು. ಇನ್ನೊಂದು, ಹಸಿ ಸಗಣಿ ಹಾಕಬೇಡಿ. ಅದರಿಂದ ಕರಗಿ ಬರುವ ಸಾವಯವ ರಸ ತಾಮ್ರವನ್ನು ಹಿಡಿಯುವ ಬದಲು ಹೊತ್ತು ತಿರುಗುತ್ತದೆ. ಚೆನ್ನಾಗಿ ಕಳಿತದ್ದು ಹಾಕಿ.

ಬೆಟ್ಟದಬುಡ (ಮುಂಡರಗಿ), ಬುಧವಾರ ರಾತ್ರಿ 9:20

ನಮ್ಮ ಊರು ಕಪ್ಪತಗುಡ್ಡದ ಕಡೆ. ಗೆಳೆಯನೊಬ್ಬ ಮಣ್ಣು ಪರೀಕ್ಷೆ ಮಾಡಿಸಿದರೆ ಕ್ರೋಮಿಯಂ, ನಿಕ್ಕಲ್ ಎರಡೂ ಜಾಸ್ತಿ ಬಂದಿವೆ. ಸುತ್ತ ಯಾವ ಕಾರ್ಖಾನೆಯೂ ಇಲ್ಲ. ಎಲ್ಲಿಂದ ಬಂತು?

ಮಣ್ಣಿನ ಮಾಸ್ತರು (ಧಾರವಾಡ), ಗುರುವಾರ ಬೆಳಗ್ಗೆ 6:40

ಕಲ್ಲಿನಿಂದ. ಗದಗದ ಆ ಗುಡ್ಡಗಳದು ಬಹಳ ಹಳೆಯ ಹಸಿರು ಛಾಯೆಯ ಕಲ್ಲು. ಬ್ರಿಟಿಷರ ಕಾಲದಲ್ಲಿ ಚಿನ್ನಕ್ಕೆ ಅಗೆದದ್ದೂ ಅದನ್ನೇ. ಅಂಥ ಕಲ್ಲು ಸವೆದು ಆದ ಮಣ್ಣಿನಲ್ಲಿ ನಿಕ್ಕಲ್, ಕ್ರೋಮಿಯಂ ಹುಟ್ಟಿನಿಂದಲೇ ಹೆಚ್ಚಿರುತ್ತವೆ. ಖನಿಜದ ಒಳಗೆ ಬೀಗ ಹಾಕಿದಂತೆ ಇರುತ್ತವೆ, ಬೇರಿಗೆ ಸಿಗುವುದು ಅತಿ ಕಡಿಮೆ.

ಆದರೆ ಕ್ರೋಮಿಯಂನಲ್ಲಿ ಎರಡು ಬಗೆ, ಕ್ರೋಮಿಯಂ 3 ಮತ್ತು ಕ್ರೋಮಿಯಂ 6. ಮೂರರ ರೂಪ ಮಣ್ಣಿಗೆ ಅಂಟಿಕೊಂಡಿರುತ್ತದೆ. ಆರರ ರೂಪ ವಿಷ, ನೀರಿನ ಜತೆ ಹರಿಯುತ್ತದೆ. ಇಲ್ಲಿ ನಾನು ಈ ತನಕ ಹೇಳಿದ್ದೆಲ್ಲ ತಿರುಗಿ ನಿಲ್ಲುತ್ತದೆ. ಆರರ ಕ್ರೋಮಿಯಂ, ಆರ್ಸೆನಿಕ್ ಇವು ಗೂಟಕ್ಕೆ ಕಟ್ಟಿಕೊಳ್ಳುವ ಜಾತಿಯಲ್ಲ. ಪಿಎಚ್ ಮೇಲಿದ್ದಷ್ಟೂ ಬಿಡಿಯಾಗುತ್ತವೆ. ಅವನ್ನು ಹಿಡಿಯುವುದು ಮಸಾರಿಯ ಕೆಂಪು, ಅಂದರೆ ಕಬ್ಬಿಣದ ತುಕ್ಕು. ಈ ವಿಷಯದಲ್ಲಿ ಎರಿ ಸೋಲುತ್ತದೆ, ಮಸಾರಿ ಗೆಲ್ಲುತ್ತದೆ. ಗೆಳೆಯನಿಗೆ ಮಣ್ಣಿಗಿಂತ ಮೊದಲು ಬಾವಿ ನೀರಿನಲ್ಲಿ ಆರರ ಕ್ರೋಮಿಯಂ ನೋಡಿಸಲು ಹೇಳಿ.

ಪುಟ್ಟಿಯ ಅವ್ವ (ಹುಬ್ಬಳ್ಳಿ), ಗುರುವಾರ ಮಧ್ಯಾಹ್ನ 12:15

ಸರ್, ನಮ್ಮ ಓಣಿಯ ಹಿಂದೆ ಒಂದು ಶೆಡ್ಡಿನಲ್ಲಿ ಹಳೆ ಬ್ಯಾಟರಿ ಒಡೆಯುತ್ತಿದ್ದರು. ಈಗ ಮುಚ್ಚಿದೆ. ಆ ಜಾಗದಲ್ಲೇ ಮಕ್ಕಳು ಆಡುತ್ತಾರೆ. ನನ್ನ ಮಗಳಿಗೆ ಮೂರು ವರ್ಷ, ಮಣ್ಣು ಬಾಯಿಗೆ ಹಾಕುವ ಚಟ ಇದೆ. ಅಲ್ಲಿರುವುದೂ ಎರಿ ಮಣ್ಣೇ. ಸೀಸವನ್ನು ಗಟ್ಟಿಯಾಗಿ ಹಿಡಿದಿರುತ್ತದೆ ಎಂದರೆ ತೊಂದರೆ ಇಲ್ಲ ಅಲ್ವಾ?

ಮಣ್ಣಿನ ಮಾಸ್ತರು (ಧಾರವಾಡ), ಗುರುವಾರ ಮಧ್ಯಾಹ್ನ 12:40

ಇಲ್ಲವ್ವಾ, ದಯವಿಟ್ಟು ಹಾಗೆ ತಿಳಿಯಬೇಡ. ನಾನು ಹೇಳಿದ್ದು ಬೇರಿನ ದಾರಿ. ಬಾಯಿಯ ದಾರಿ ಬೇರೆ. ಹೊಟ್ಟೆಯಲ್ಲಿ ಆಸಿಡ್ ಇದೆ, ಅದರ ಪಿಎಚ್ ಎರಡರ ಆಸುಪಾಸು. ಎರಿ ಮಣ್ಣು ಹಿಡಿದಿಟ್ಟ ಸೀಸವನ್ನು ಅದು ಬಿಚ್ಚಿಬಿಡುತ್ತದೆ. ಮಗುವಿನ ಕರುಳು ದೊಡ್ಡವರಿಗಿಂತ ಹಲವು ಪಟ್ಟು ಹೆಚ್ಚು ಸೀಸ ಎಳೆದುಕೊಳ್ಳುತ್ತದೆ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇವತ್ತಿನಿಂದಲೇ ಅಲ್ಲಿ ಆಡಿಸುವುದು ನಿಲ್ಲಿಸು. ಮಕ್ಕಳ ಡಾಕ್ಟರ ಹತ್ತಿರ ಹೋಗಿ ರಕ್ತದಲ್ಲಿ ಸೀಸದ ಪರೀಕ್ಷೆ ಬರೆಸಿಕೋ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಮೇಲೆ ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಲೇಬೇಕು. ಚಪ್ಪಲಿ ಹೊರಗೆ ಬಿಡಿ. ಒಣ ಕಸಬರಿಗೆ ಬೇಡ, ಒದ್ದೆ ಬಟ್ಟೆಯಿಂದ ನೆಲ ಒರೆಸಿ. ಮಣ್ಣು ತಿನ್ನುವ ಮಕ್ಕಳಲ್ಲಿ ಎಷ್ಟೋ ಸಲ ರಕ್ತ ಕಡಿಮೆ ಇರುತ್ತದೆ, ಅದನ್ನೂ ನೋಡಿಸು. ಓಣಿಯವರೆಲ್ಲ ಸೇರಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಕೊಡಿ. ಆ ಮಣ್ಣನ್ನು ಅವರು ತೆಗೆಸಬೇಕು, ನೀವು ಸಲಿಕೆ ಹಿಡಿದು ದೂಳು ಎಬ್ಬಿಸಬೇಡಿ.

ಪುಟ್ಟಿಯ ಅವ್ವ (ಹುಬ್ಬಳ್ಳಿ), ಗುರುವಾರ ಮಧ್ಯಾಹ್ನ 1:00

ನಾಳೆ ಬೆಳಗ್ಗೆಯೇ ಕರೆದುಕೊಂಡು ಹೋಗುತ್ತೇನೆ ಸರ್.

ಎರಿಮಸಾರಿ (ಹುಬ್ಬಳ್ಳಿ), ಮೂರು ವಾರದ ನಂತರ, ಶುಕ್ರವಾರ ರಾತ್ರಿ 8:15

ಮತ್ತೆ ಬಂದೆ. ಮಾಸ್ತರು ಫೋನಿನಲ್ಲಿ ಹೇಳಿದಂತೆ ಹೊಸದಾಗಿ ಮಣ್ಣು ತೆಗೆದು ಕೊಟ್ಟೆ. ಝಿಂಕ್ ಬಳಿದ ತಗಡಿನ ಬಕೆಟ್ ಬೇಡ ಎಂದಿದ್ದರು, ಪ್ಲಾಸ್ಟಿಕ್ ಪುಟ್ಟಿ ಬಳಸಿದೆ. ಹತ್ತು ಕಡೆ ವಿ ಆಕಾರದ ಗುಂಡಿ ಮಾಡಿ, 15 ಸೆಂ.ಮೀ. ತನಕ ಕೆತ್ತಿ, ಕಲಸಿ, ನಾಲ್ಕು ಪಾಲು ಮಾಡುತ್ತಾ ಅರ್ಧ ಕೆ.ಜಿ.ಗೆ ತಂದೆ. ಈ ಸಲ ಒಟ್ಟು ಲೋಹ ಬೇಡ, ಬೇರಿಗೆ ಸಿಗುವಷ್ಟನ್ನೇ ಅಂದಾಜು ಮಾಡುವ ಡಿಟಿಪಿಎ ಪರೀಕ್ಷೆ ಮಾಡಿ ಎಂದು ಕೇಳಿದೆ.

ಝಿಂಕ್ ಎರಿಯಲ್ಲಿ 9, ಮಸಾರಿಯಲ್ಲಿ 47. ರಿಪೋರ್ಟ್ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಟ್ಟು ಲೆಕ್ಕದಲ್ಲಿ ಮಸಾರಿಯಲ್ಲೇ ಕಡಿಮೆ ಇತ್ತಲ್ಲ!

ನನ್ನ ಮಣ್ಣಿನ ಆರೋಗ್ಯ ಕಾರ್ಡನ್ನೂ ತೆಗೆದು ನೋಡಿದೆ. ಅದರಲ್ಲಿ 12 ಅಂಶ ಇವೆ. ಝಿಂಕ್ ಇದೆ, ಆದರೆ ಕಡಿಮೆ ಇದೆಯಾ ಎಂದು ನೋಡುವುದಕ್ಕೆ. ಸೀಸ, ಕ್ಯಾಡ್ಮಿಯಂ ಇಲ್ಲವೇ ಇಲ್ಲ.

ಆ ಹೂಳು ನಾನೇ ಹೇರಿಕೊಂಡು ಹೋದದ್ದು. ಅವ್ವನ ಹೊಲ ಅದು. ಈಗ ಏನು ಮಾಡಲಿ?

ಮಣ್ಣಿನ ಮಾಸ್ತರು (ಧಾರವಾಡ), ಶುಕ್ರವಾರ ರಾತ್ರಿ 9:30

0.6ಕ್ಕಿಂತ ಕಡಿಮೆ ಇದ್ದರೆ ಝಿಂಕ್ ಕೊರತೆ ಎನ್ನುತ್ತೇವೆ, ನಿಮ್ಮದು 47. ಡಿಟಿಪಿಎ ಸುಣ್ಣದ ಮಣ್ಣಿಗೆಂದು ಹುಟ್ಟಿದ ಪರೀಕ್ಷೆ. ಹುಳಿ ಮಣ್ಣಿಗೆ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ತೆಗೆದರೆ ಇನ್ನೂ ಚೆನ್ನ. ಆದರೂ ಈ ಅಂತರ ಸಾಕು.

ಹೊಲ ಕೈಬಿಟ್ಟು ಹೋಗಿಲ್ಲ. ಮೊದಲು ಸುಣ್ಣ. ಕೃಷಿ ಸುಣ್ಣದ ಪುಡಿ, ಸುಟ್ಟ ಸುಣ್ಣ ಅಲ್ಲ. ಎಷ್ಟು ಎನ್ನುವುದನ್ನು ಅಂದಾಜಿನಲ್ಲಿ ಹಾಕಬೇಡಿ. "ಸುಣ್ಣದ ಅಗತ್ಯ" ಎಂದೇ ಒಂದು ಪರೀಕ್ಷೆ ಇದೆ, ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಿ. ಪಿಎಚ್ 6.5 ದಾಟಿಸಬೇಕು. ಮಳೆಗೆ ಒಂದೆರಡು ತಿಂಗಳು ಮೊದಲೇ ಹಾಕಿ ಚೆನ್ನಾಗಿ ಹರಗಿ. ಜತೆಗೆ ಕಳಿತ ತಿಪ್ಪೆ ಗೊಬ್ಬರ ಪ್ರತಿ ವರ್ಷ. ಸುಣ್ಣ ಒಂದು ಸಲ ಹಾಕಿದರೆ ಮುಗಿಯಲಿಲ್ಲ, ಮಸಾರಿ ಮತ್ತೆ ಹುಳಿಯಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಪಿಎಚ್ ನೋಡುತ್ತಲೇ ಇರಬೇಕು.

ಸೂರ್ಯಕಾಂತಿ, ಸಾಸಿವೆ ಹಾಕಿದರೆ ಲೋಹ ಹೀರಿಬಿಡುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಹೀರುತ್ತವೆ, ಆದರೆ ಹೊಲ ಚೊಕ್ಕವಾಗಲು ದಶಕಗಳೇ ಬೇಕು. ಆ ಅರ್ಧ ಎಕರೆಯಲ್ಲಿ ಸದ್ಯ ತಪ್ಪಲು ಬೇಡ. ಚೆಂಡುಹೂ ಹಾಕಿ. ಒಂದು ಮೂಲೆಯಲ್ಲಿ ನಾಲ್ಕು ಸಾಲು ಹೆಸರು ಹಾಕಿ, ಬೀಜಕ್ಕೆ ರೈಜೋಬಿಯಂ ಹಚ್ಚಿ. ಬೇರಿನಲ್ಲಿ ಗಂಟು ಬಂದ ದಿನ ನನಗೆ ಹೇಳಿ.

ಇನ್ನು ಮುಂದೆ ಹೊರಗಿನಿಂದ ಏನು ತಂದರೂ ಮೊದಲು ಅದರ ಪರೀಕ್ಷೆ. ಪೇಟೆಯಲ್ಲಿ ಮಾರುವ ಸಿಟಿ ಕಾಂಪೋಸ್ಟಿಗೆ ಗೊಬ್ಬರ ನಿಯಂತ್ರಣ ಆದೇಶದಲ್ಲಿ ಮಿತಿ ಇದೆ. ಕೆ.ಜಿ.ಗೆ ಕ್ಯಾಡ್ಮಿಯಂ 5, ಸೀಸ 100, ಝಿಂಕ್ 1000 ಮಿಲಿಗ್ರಾಂ ದಾಟಬಾರದು. ನಾಲಾ ಹೂಳನ್ನು ಹೀಗೆ ಯಾರೂ ಅಳೆದು ಕೊಡುವುದಿಲ್ಲ.

ನಾಲಾದಂಡೆ (ಹುಬ್ಬಳ್ಳಿ), ಶನಿವಾರ ಬೆಳಗ್ಗೆ 6:30

ಎರಿಮಸಾರಿ ಅಣ್ಣಾ, ನಿಮ್ಮ ಎರಿ ಹೊಲದ ಝಿಂಕ್ 9 ನೋಡಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಹೊಲಕ್ಕೆ ನಿಮಗಿಂತ ಹೆಚ್ಚು ವರ್ಷದಿಂದ ನೀರು ಹಾಯುತ್ತಿದೆ. ಮಣ್ಣೂ ಕೊಡುತ್ತೇನೆ, ಪಾಲಕದ ಎಲೆಯೂ ಕೊಡುತ್ತೇನೆ, ಕ್ಯಾಡ್ಮಿಯಂ ನೋಡಿಸಬೇಕು. ಆ ಪ್ಲಾಸ್ಟಿಕ್ ಪುಟ್ಟಿ ಇನ್ನೂ ಇದೆಯಾ?

ಎರಿಮಸಾರಿ (ಹುಬ್ಬಳ್ಳಿ), ಶನಿವಾರ ಬೆಳಗ್ಗೆ 6:45

ಇದೆ ಅಣ್ಣಾ. ನಾಳೆ ಏಳಕ್ಕೆ ನಿಮ್ಮ ಹೊಲದ ಬದುವಿಗೆ ಬರುತ್ತೇನೆ. ಎಲೆಯನ್ನು ಕೊಯ್ದು ತೊಳೆಯದೆ ಒಂದು ಚೀಲ, ತೊಳೆದು ಒಂದು ಚೀಲ ಮಾಡೋಣ.